ರೇಡಿಯೊ ಮಾವನ ಎರಡು ಕಿವಿ

ಸೇಲಂನ ಅಮ್ಮಾಪೇಟೆ, ಕೊಂಡಲಾಂಪಟ್ಟಿ, ಆಚೆ ಇಲಂಪಿಳ್ಳೈ, ತಾರಮಂಗಲ – ಈ ಕಡೆಯ ಮಗ್ಗದ ಮನೆಗಳಲ್ಲಿ ಬಾಗಿಲು ತಟ್ಟಿ ಪ್ರಯೋಜನವಿಲ್ಲ. ಒಳಗೆ ಪವರ್‌ಲೂಮ್ ನಿಮಗಿಂತ ಜೋರಾಗಿ ತಟ್ಟುತ್ತಿರುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮ್ಮ ನೇಕಾರ ದೇವಾಂಗರ ಪಟ್ಟರೆಗಳಲ್ಲಿ, ಅಂದರೆ ಮಗ್ಗದ ಶೆಡ್ಡುಗಳಲ್ಲಿ, ಒಬ್ಬೊಬ್ಬ ರೇಡಿಯೊ ಮಾವ ಇದ್ದೇ ಇರುತ್ತಾರೆ. ಧರ್ಮಪುರಿಯ ಲೇತ್ ಅಂಗಡಿಗಳಲ್ಲೂ ತೊಪ್ಪೂರು ಘಾಟಿ ಇಳಿಯುವ ಲಾರಿಗಳಲ್ಲೂ ಇವರ ದಾಯಾದಿಗಳಿದ್ದಾರೆ. ಆದರೆ ಅಸಲು ತಳಿ ಮಗ್ಗದ್ದೇ.

ಮಾವನ ವೇಷ ನೋಡಬೇಕು. ಎಡಗಿವಿಯಲ್ಲಿ ಮಗ್ಗದಡಿ ಬಿದ್ದ ವೇಸ್ಟ್ ನೂಲಿನ ಉಂಡೆ. ಬಲಗಿವಿಯಲ್ಲಿ ಇಯರ್‌ಫೋನಿನ ಒಂದು ಗುಂಡಿ. ಅದರ ಜೋಡಿ ಅಂಗಿಯೊಳಗೆ ನಿರುದ್ಯೋಗಿ. ಎರಡೂ ಜಾರದ ಹಾಗೆ ಮೇಲೊಂದು ಟವೆಲ್ಲಿನ ಬಿಗಿ. ಟ್ರಾನ್ಸಿಸ್ಟರ್ ಹೋಗಿ ವಾಕ್‌ಮನ್ ಬಂತು, ವಾಕ್‌ಮನ್ ಹೋಗಿ ಮೊಬೈಲ್ ಬಂತು. ಟವೆಲ್ ಅದೇ ಇರಬೇಕೆಂದು ನನ್ನ ಗುಮಾನಿ.

ಎರಡೂ ಕಿವಿಗೆ ಯಾಕೆ ಹಾಕಿಕೊಳ್ಳಬಾರದು ಅಂದರೆ, “ಒಂದು ಕಿವಿ ರಾಜಾಗೆ, ಒಂದು ಕಿವಿ ಮಗ್ಗಕ್ಕೆ” ಅನ್ನುತ್ತಾರೆ. ಇದು ತಮಾಷೆಯಲ್ಲ, ಕಸುಬಿನ ಮಾತು. ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಏಟು ತಿಂದು ಈ ತುದಿಯಿಂದ ಆ ತುದಿಗೆ ಓಡುತ್ತದೆ. ಆ ಏಟಿನ ದನಿ ಒಂಚೂರು ಮಂಕಾದರೆ ಲಾಳಿ ಹಾಸಿನ ನಡುವೆ ಸಿಕ್ಕಿಕೊಳ್ಳಲಿದೆ ಎಂದರ್ಥ. ಸಿಕ್ಕಿಕೊಂಡರೆ ರಾಶಿ ಎಳೆ ಕಡಿದು, ಒಂದೊಂದನ್ನೇ ಹುಡುಕಿ ಗಂಟು ಹಾಕುವಷ್ಟರಲ್ಲಿ ಅವತ್ತಿನ ಕೂಲಿ ಕರಗಿರುತ್ತದೆ. ಎಂಟು ಮಗ್ಗಗಳ ಗದ್ದಲದಲ್ಲಿ ಮೂರನೆಯದರ ಕೆಮ್ಮನ್ನು ಮಾವ ಬೆನ್ನು ತಿರುಗಿಸಿಕೊಂಡೇ ಹಿಡಿಯುತ್ತಾರೆ. ಅತ್ತೆ ಮೂರು ಸಲ ಊಟಕ್ಕೆ ಕೂಗಿದ್ದು ಮಾತ್ರ ಕೇಳಿಸಿರುವುದಿಲ್ಲ.

ರಾಜಾ ಅಂದರೆ ಇಳಯರಾಜಾ. 1976ರಲ್ಲಿ ‘ಅನ್ನಕ್ಕಿಳಿ’ ಬಂದಾಗ ಮಾವ ಇನ್ನೂ ಚಡ್ಡಿ ಹುಡುಗ, ಅಂದಿನಿಂದ ಭಕ್ತರು. ಬೆಂಗಳೂರಿನ ನೆಂಟರು “ಕನ್ನಡದ ಹಾಡು ಕೇಳಲ್ವಾ ಮಾವ?” ಅಂದರೆ ಕೆರಳುತ್ತಾರೆ. “ರಾಜಾ ಕೆಲಸ ಕಲಿತದ್ದು ಯಾರ ಹತ್ರ? ನಿಮ್ಮ ಜಿ.ಕೆ. ವೆಂಕಟೇಶ್ ಹತ್ರ! ರಾಜ್‌ಕುಮಾರ್ ಹುಟ್ಟಿದ ಗಾಜನೂರು ಎಲ್ಲಿದೆ? ನಮ್ಮ ತಮಿಳುನಾಡಲ್ಲಿ!” ನೆಂಟರು ಕೊಡುವ ಉತ್ತರ ಮಾವನಿಗೆ ಕೇಳಿಸುವುದಿಲ್ಲವಾದ್ದರಿಂದ ಎಲ್ಲ ವಾದಗಳಲ್ಲೂ ಗೆಲುವು ಅವರದೇ.

ಪಟ್ಟರೆಯೊಳಗೆ ಮಾತಿಲ್ಲ, ಕೈಸನ್ನೆ ಮತ್ತು ತುಟಿ. ಹೆಬ್ಬೆರಳು ಬಾಯಿಗೆ ಹೋದರೆ ಟೀ, ಎರಡು ಬೆರಳು ಕತ್ತರಿಯಾದರೆ ಎಳೆ ಕಡಿದಿದೆ, ಮೀಸೆ ತಿರುವಿದರೆ ಮುದಲಾಳಿ, ಅಂದರೆ ಮಾಲೀಕರು, ಬರುತ್ತಿದ್ದಾರೆ. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳ ಹೆಂಗಸರೂ ಹೀಗೇ ತುಟಿ ಅಗಲಿಸಿ ಮಾತಾಡುತ್ತಿದ್ದರು. ಅದಕ್ಕೆ ‘ಮೀ-ಮಾ’ ಅಂತ ಹೆಸರೂ ಇತ್ತು. 1940ರಲ್ಲಿ ಬಿಬಿಸಿ ಕಾರ್ಖಾನೆಗಳಿಗೆಂದೇ ಹಾಡಿನ ಕಾರ್ಯಕ್ರಮ ಶುರುಮಾಡಿತು. ಅಂದರೆ ನಮ್ಮ ಮಾವನ ಕಾಯಿಲೆಗೆ ವಿಲಾಯತಿ ವಂಶಾವಳಿಯೂ ಇದೆ.

ದೊಡ್ಡ ಸದ್ದಿಗೆ ಕಿವಿ ಮೊದಲು ಕಳೆದುಕೊಳ್ಳುವುದು 4000 ಹರ್ಟ್ಸ್ ಆಸುಪಾಸಿನ ಮೇಲುದನಿಗಳನ್ನು. ಸ, ಶ, ಫ ಇಂಥ ಗಾಳಿಯ ಅಕ್ಷರಗಳ ವಾಸ ಅಲ್ಲೇ ಹತ್ತಿರ. ಒಂದು ದೀಪಾವಳಿಗೆ ಅತ್ತೆ ಸೀರೆ ತರಲು ಹೇಳಿದರು. ಮಾವ ಎರಡು ಕಟ್ಟು ಕೀರೆ ಸೊಪ್ಪು ತಂದರು, ಅದೂ ದಿನವಿಡೀ ಸೀರೆ ನೇಯುವ ಮನುಷ್ಯ! ದೋಷ ಕಿವಿಯದೋ ಜೇಬಿನದೋ ಎಂದು ಅತ್ತೆಗೆ ಇವತ್ತಿಗೂ ಅನುಮಾನ.

ಆಮೇಲೆಯೇ ಕಿವಿ ಡಾಕ್ಟರ ದರ್ಶನ. ಪರೀಕ್ಷೆಯ ಗೆರೆ ಎರಡೂ ಕಿವಿಗಳಲ್ಲಿ ಒಂದೇ ಜಾಗದಲ್ಲಿ ಬಾವಿಗೆ ಇಳಿದಿತ್ತು. ಎಡಗಿವಿಯನ್ನು ಮಗ್ಗ ತಿಂದಿತ್ತು, ಬಲಗಿವಿಯನ್ನು ಮಗ್ಗವೂ ರಾಜಾನೂ ಹಂಚಿಕೊಂಡಿದ್ದರು. ಕಿವಿ ಎಷ್ಟು ಸದ್ದನ್ನು ಎಷ್ಟು ಹೊತ್ತು ತಡೆಯುತ್ತದೆಂದು ಡಾಕ್ಟರು ಲೆಕ್ಕ ಹೇಳಿದರು: 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬೆಲ್ ಏರಿದರೆ ಹೊತ್ತು ಅರ್ಧ, 100 ಆದರೆ ಬರೀ 15 ನಿಮಿಷ.

“ನಮ್ಮದು 12 ಗಂಟೆ ಶಿಫ್ಟು ಡಾಕ್ಟ್ರೇ,” ಅಂದರು ಮಾವ. “ಕಾಲು ಗಂಟೆ ಆದ್ಮೇಲೆ ಉಳಿದ ಹನ್ನೊಂದು ಮುಕ್ಕಾಲು ಗಂಟೆ ಈ ಕಿವಿಗಳನ್ನ ಎಲ್ಲಿಟ್ಟು ಬರಲಿ?”

ಮಗ್ಗದ ಸದ್ದನ್ನು ಹಾಡಿನಿಂದ ಮುಚ್ಚುವುದೆಂದರೆ ಮಳೆಗೆ ಕೊಡೆ ಹಿಡಿಯುವ ಬದಲು ತಲೆ ಮೇಲೆ ಇನ್ನೊಂದು ಕೊಡ ನೀರು ಸುರಿದುಕೊಂಡ ಹಾಗೆ. ಮೊದಲು ಸದ್ದು ತಡೆಯಬೇಕು, ಆಗ ಸಣ್ಣ ದನಿಯ ಹಾಡೂ ಕೇಳಿಸುತ್ತದೆ. ಸದ್ದು ತಡೆಯುತ್ತ ಒಳಗೆ ಹಾಡನ್ನು 82 ಡೆಸಿಬೆಲ್ ಆಸುಪಾಸಿಗೆ ಕಟ್ಟಿಹಾಕುವ ಹೆಡ್‌ಫೋನುಗಳೂ ಸಿಗುತ್ತವೆ. ಅವುಗಳ ಬೆಲೆ ಮಾವನಿಗೆ ಒಂದೇ ಸಲಕ್ಕೆ ಸ್ಪಷ್ಟವಾಗಿ ಕೇಳಿಸಿತು. ಸ್ಪಂಜಿನ ಬಿರಡೆ ಸಾಕು ಅಂದರು. ಬೆರಳಲ್ಲಿ ಹೊಸೆದು ಸಣ್ಣ ಬತ್ತಿ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗೆ ತೂರಿಸಿ, ಅದು ಊದಿಕೊಳ್ಳುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಮೇಷ್ಟ್ರು ಕಿವಿ ಹಿಂಡಿದ ನೆನಪಾಯಿತಂತೆ.

ಇಲ್ಲಿ ಒಂದು ಹಳೆಯ ಕಥೆ ಹೇಳಲೇಬೇಕು. 2012ರ ಕರೆಂಟ್ ಕಟ್ಟಿನ ಕಾಲ. ಒಂದು ಮಧ್ಯಾಹ್ನ ಮಗ್ಗಗಳೆಲ್ಲ ಒಟ್ಟಿಗೆ ನಿಂತುಹೋದವು. ಆ ಮೌನದಲ್ಲಿ ಒಬ್ಬರ ಗಂಟಲು ಮಾತ್ರ ಪಲ್ಲವಿ, ಪಿಟೀಲು, ತಬಲಾ ಸಮೇತ ಬೀದಿ ತುಂಬ ಹರಿಯಿತು. ಎದುರುಮನೆಯ ಮಗು ಅತ್ತಿತು. ಮಾವ ಎರಡನೇ ಚರಣಕ್ಕೆ ಬರುವ ತನಕ ಯಾರೂ ತಡೆಯಲಿಲ್ಲ. ಹೋಗಿ ನೋಡಿದರೆ ಇಯರ್‌ಫೋನಿನ ತಂತಿ ಬೆಳಗ್ಗೆಯೇ ಕಿತ್ತುಹೋಗಿತ್ತು.

ಈಗ ಬಿರಡೆ ಹಾಕಿದ ಮೊದಲ ದಿನಕ್ಕೆ ಬರುತ್ತೇನೆ. ಮಗ್ಗ ದೂರ ಸರಿದ ಹಾಗೆ ತಣ್ಣಗಾಯಿತು. ಲಾಳಿಯ ಕೆಮ್ಮು ಆಗಲೂ ಗೊತ್ತಾಗುತ್ತಿತ್ತು. ಮಾವ ಖುಷಿಯಿಂದ ಹಾಡಲು ಬಾಯಿ ತೆರೆದರು. ಕಿವಿ ಮುಚ್ಚಿಕೊಂಡವರಿಗೆ ಸ್ವಂತ ದನಿ ತಲೆಯೊಳಗೇ ಗುಡುಗುತ್ತದೆ. ಇಷ್ಟು ವರ್ಷ ರಾಜಾನ ದನಿಯೆಂದು ನಂಬಿದ್ದು ಯಾರದೆಂದು ಆಗ ತಿಳಿಯಿತು. ಬಿರಡೆ ತೆಗೆದು ಕೈಯಲ್ಲಿಟ್ಟುಕೊಂಡು ಅತ್ತೆಯನ್ನು ಕೇಳಿದರು: “ಇದನ್ನ ನೀನು ಹೇಗೆ ತಡ್ಕೊಂಡೆ?”

ಈಗ ಬಿರಡೆ ಬಿಡದೆ ಹಾಕುತ್ತಾರೆ, ಹಾಡುವುದನ್ನು ನಿಲ್ಲಿಸಿದ್ದಾರೆ. ಮಾವನಿಗೆ ಫೋನ್ ಮಾಡುವವರು ಮಧ್ಯಾಹ್ನ ಊಟದ ಹೊತ್ತಿಗೆ ಮಾಡಿ, ಸೀರೆ ಬೇಕಿದ್ದರೆ ಮೆಸೇಜ್ ಹಾಕಿ.