ಸುಪೀರಿಯರ್ ಸರೋವರ ಪ್ರವಾಸ ಮೀಮಾಂಸೆ

ಪೀಠಿಕೆ

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಅಕ್ಟೋಬರ್ ನಡುವಿನಲ್ಲಿ ಸುಪೀರಿಯರ್ ಸರೋವರದ ಉತ್ತರ ದಂಡೆಗೆ ಏಕೆ ಹೋಗುತ್ತವೆ ಎಂಬ ಪ್ರಶ್ನೆಯನ್ನು ಪೂರ್ವಸೂರಿಗಳು ಎತ್ತಿಕೊಂಡಂತಿಲ್ಲ. ವಲಸೆ, ಅಸ್ಮಿತೆ, ತಲ್ಲಣ ಮುಂತಾದವುಗಳ ಮೇಲೆ ವಿಚಾರ ಸಂಕಿರಣಗಳು ಧಾರಾಳವಾಗಿ ನಡೆದಿವೆ. ಕಾರಿನ ಡಿಕ್ಕಿಯಲ್ಲಿ ಕುಕ್ಕರ್ ಎಲ್ಲಿಡಬೇಕೆಂಬ ಬಗ್ಗೆ ಒಂದು ಪುಟವೂ ಹೊರಬಂದಿಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನಕ್ಕೆ ಆಯ್ದುಕೊಂಡ ಮಾದರಿ ಕುಟುಂಬ ಒಂದೇ. ಮಾದರಿ ಒಂದೇ ಆದರೆ ಅಪವಾದಗಳ ಕಾಟವಿರುವುದಿಲ್ಲ. ಮಿನಿಯಾಪೊಲಿಸ್ ಹೊರವಲಯದ ಮನೆಯಲ್ಲಿ ಅಪ್ಪ, ಅಮ್ಮ, ಮಗಳು, ಮಗ. ಜೊತೆಗೆ ಆರು ತಿಂಗಳ ಮಟ್ಟಿಗೆ ದಾವಣಗೆರೆಯಿಂದ ಬಂದಿಳಿದ ಅಜ್ಜ ಮತ್ತು ಅಜ್ಜಿ. ಅಜ್ಜನವರು ನೀರಾವರಿ ಇಲಾಖೆಯಿಂದ ನಿವೃತ್ತರು. ಈ ಸಂಗತಿ ಮುಂದೆ ನಿರ್ಣಾಯಕವಾಗಲಿದೆ.

ಕಾಲನಿರ್ಣಯ

ಪ್ರವಾಸದ ಮುಹೂರ್ತವನ್ನು ಎರಡು ಪಂಚಾಂಗಗಳು ನಿರ್ಧರಿಸುತ್ತವೆ, ಅವೆರಡಕ್ಕೂ ಎಂದೂ ಹೊಂದಾಣಿಕೆಯಿಲ್ಲ. ಮೊದಲನೆಯದು ಶಾಲೆಯ ಪಂಚಾಂಗ. ಶಿಕ್ಷಕರ ಸಂಘದ ವಾರ್ಷಿಕ ಸಮಾವೇಶದ ಹೆಸರಿನಲ್ಲಿ ಅಕ್ಟೋಬರ್ ಮಧ್ಯದ ಒಂದು ಗುರುವಾರ, ಶುಕ್ರವಾರ ರಾಜ್ಯದ ಶಾಲೆಗಳಿಗೆ ರಜೆ ಕೊಡುವ ಸಂಪ್ರದಾಯವಿದೆ. ಶಿಕ್ಷಕರು ಸಮಾವೇಶಕ್ಕೆ ಹೋದರೋ ಇಲ್ಲವೋ, ಉಳಿದವರೆಲ್ಲ ಸರೋವರದ ಕಡೆ ಹೊರಡುತ್ತಾರೆ.

ಎರಡನೆಯದು ಮರದ ಪಂಚಾಂಗ. ದಂಡೆಯಿಂದ ಒಳಗಿರುವ ಗುಡ್ಡಗಳ ಮೇಪಲ್ ಮರಗಳು ಸೆಪ್ಟೆಂಬರ್ ಕೊನೆಯ ಹೊತ್ತಿಗೇ ಕೆಂಪೇರುತ್ತವೆ. ಎಲೆಯ ಹಸಿರು ಕರಗಿದಾಗ ಒಳಗೆ ಮೊದಲಿನಿಂದ ಇದ್ದ ಹಳದಿ ಹೊರಗೆ ಕಾಣುತ್ತದೆ; ಕೆಂಪು ಹಾಗಲ್ಲ, ಬಿಸಿಲಿನ ಹಗಲು, ತಣ್ಣನೆಯ ರಾತ್ರಿ ಕೂಡಿಬಂದಾಗ ಎಲೆ ಅದನ್ನು ಹೊಸದಾಗಿ ತಯಾರಿಸುತ್ತದೆ. ದಂಡೆಯ ಬರ್ಚ್, ಆಸ್ಪೆನ್ ಮರಗಳು ಮಾತ್ರ ಅಕ್ಟೋಬರಿಗೆ ಹಳದಿಯಾಗುತ್ತವೆ, ಏಕೆಂದರೆ ಬೇಸಿಗೆಯ ಶಾಖವನ್ನು ಹಿಡಿದಿಟ್ಟುಕೊಂಡ ಸರೋವರ ದಂಡೆಯ ಚಳಿಯನ್ನು ಕೆಲದಿನ ತಡೆಯುತ್ತದೆ. ಹೀಗಾಗಿ ಶಾಲೆ ಬಿಟ್ಟು ಕುಟುಂಬ ಹೊರಡುವಷ್ಟರಲ್ಲಿ ಮೇಪಲ್ ಬೋಳಾಗಿರುತ್ತದೆ. ಅಂತರ್ಜಾಲದಲ್ಲಿ ಕಂಡ ಕೆಂಪು ಎಲ್ಲಿ ಎಂಬ ಪ್ರಶ್ನೆಗೆ ಅಪ್ಪನೇ ಜವಾಬು ಕೊಡಬೇಕು.

ಪಂಥಭೇದ

ಕಾರು ಡುಲುತ್ ಊರಿನ ಇಳಿಜಾರಿಗೆ ಬಂದು ನೀರು ಕಂಡೊಡನೆ ಕುಟುಂಬ ನಾಲ್ಕು ಪಂಥಗಳಾಗಿ ಒಡೆಯುತ್ತದೆ.

ಒಂದು, ಯೋಜನಾವಾದ. ಪ್ರತಿಪಾದಕರು ಅಪ್ಪ. ಗೂಸ್‌ಬೆರಿ ಜಲಪಾತ, ಸ್ಪ್ಲಿಟ್ ರಾಕ್ ದೀಪಸ್ತಂಭ, ಪ್ಯಾಲಿಸೇಡ್ ಹೆಡ್ ಬಂಡೆ, ಗ್ರ್ಯಾಂಡ್ ಮರೇ ಊರು ಎಂದು 61ನೇ ಹೆದ್ದಾರಿಯ ಉದ್ದಕ್ಕೂ ಗಂಟೆ, ನಿಮಿಷ ಹಾಕಿದ ಪಟ್ಟಿಯೇ ಇವರ ಪ್ರಸ್ಥಾನಗ್ರಂಥ. ಈ ಪಂಥದವರು ಜಲಪಾತವನ್ನು ನೋಡುವುದಿಲ್ಲ, ಮುಗಿಸುತ್ತಾರೆ.

ಎರಡು, ಗಣಿತವಾದ. ಪ್ರತಿಪಾದಕರು ಅಜ್ಜ. ಸರೋವರದ ನೀರು ಸುಮಾರು 12,100 ಘನ ಕಿಲೋಮೀಟರ್ ಎಂದು ಮೊಮ್ಮಗಳು ಮೊಬೈಲ್ ನೋಡಿ ಹೇಳಿದ್ದೇ ತಡ, ಅದನ್ನು ಟಿಎಂಸಿಗೆ ಇಳಿಸಿದರು: ಸುಮಾರು 4.27 ಲಕ್ಷ ಟಿಎಂಸಿ. ಭದ್ರಾ ಜಲಾಶಯದ ಸಾಮರ್ಥ್ಯ 71.5 ಟಿಎಂಸಿ, ಅಂದರೆ ಇಲ್ಲಿರುವುದು ಆರು ಸಾವಿರ ಭದ್ರಾ. ಕಾವೇರಿಯಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಕರ್ನಾಟಕಕ್ಕೆ ಹಂಚಿದ್ದು ವರ್ಷಕ್ಕೆ 284.75 ಟಿಎಂಸಿ. ಆ ಲೆಕ್ಕದಲ್ಲಿ ಈ ನೀರು ಸಾವಿರದೈನೂರು ವರ್ಷಕ್ಕೆ ಸಾಕು. ಹಲ್ಮಿಡಿ ಶಾಸನದ ಕಾಲದಲ್ಲಿ ತೂಬೆತ್ತಿದ್ದರೆ ಹೆಚ್ಚುಕಡಿಮೆ ಈಗ ಖಾಲಿಯಾಗುತ್ತಿತ್ತು.

“ಇಷ್ಟು ನೀರು ಇಟ್ಕಂಡು ಒಂದು ನಾಲೆ ತೆಗ್ದಿಲ್ವಲ್ಲೋ ಇವ್ರು!” ಎಂದು ಅಜ್ಜ ಮರುಗಿದರು.

“ತೆಗೆಯೋ ಹಾಗಿಲ್ಲ ಅಪ್ಪಾಜಿ. ಎಂಟು ರಾಜ್ಯಗಳು ಸೇರಿ ಒಪ್ಪಂದ ಮಾಡ್ಕೊಂಡಿವೆ, 2008ರಿಂದ ಜಾರಿಯಲ್ಲಿದೆ. ಈ ಸರೋವರಗಳ ನೀರನ್ನ ಜಲಾನಯನ ಪ್ರದೇಶದ ಆಚೆ ಒಯ್ಯೋಕೆ ಸುಲಭಕ್ಕೆ ಬಿಡಲ್ಲ.”

ಎಂಟು ರಾಜ್ಯಗಳು ಎಂದು ಕೇಳಿದ ಮೇಲೆ ಅಜ್ಜನ ಮುಖ ಅರಳಿತು. ಅಪರಿಚಿತ ನಾಡಿನಲ್ಲಿ ಪರಿಚಿತ ವ್ಯಾಜ್ಯವೊಂದು ಸಿಕ್ಕಿತ್ತು.

ಮೂರು, ಭೀತಿವಾದ. ಪ್ರತಿಪಾದಕರು ಅಜ್ಜಿ. ಇವರ ಪ್ರಮಾಣ ಹದ್ದು. ಶರತ್ಕಾಲದಲ್ಲಿ ದಕ್ಷಿಣಕ್ಕೆ ಹೊರಟ ಗಿಡುಗ, ಹದ್ದುಗಳು ಈ ಸರೋವರವನ್ನು ದಾಟಲು ಹಿಂಜರಿಯುತ್ತವೆ; ತಣ್ಣೀರಿನ ಮೇಲೆ ರೆಕ್ಕೆಯನ್ನು ಎತ್ತಿ ಹಿಡಿಯುವ ಬಿಸಿಗಾಳಿ ಏಳುವುದಿಲ್ಲ. ಆದ್ದರಿಂದ ದಂಡೆ ಹಿಡಿದೇ ಬಂದು ಡುಲುತ್‌ನ ಹಾಕ್ ರಿಜ್ ಗುಡ್ಡದ ಮೇಲೆ ಗುಂಪುಗುಂಪಾಗಿ ಹಾಯುತ್ತವೆ. “ರೆಕ್ಕೆ ಇರೋ ಹದ್ದೇ ದಾಟಲ್ಲ, ನೀನು ಕಾಲು ಇಳಿಬಿಡ್ತೀಯಾ?” ಎಂಬ ಅಜ್ಜಿಯ ವಾದಕ್ಕೆ ಮೊಮ್ಮಗನಲ್ಲಿ ಪ್ರತಿವಾದವಿರಲಿಲ್ಲ, ಮೈಮೇಲೆ ಮೂರನೆಯ ಸ್ವೆಟರ್ ಬಂತು.

ಇಲ್ಲಿ ವಿನೋದವನ್ನು ತುಸು ಬದಿಗಿಡಬೇಕು. ಅಜ್ಜಿಯ ಭಯಕ್ಕೆ ಆಧಾರವಿದೆ. 1905ರ ನವೆಂಬರಿನ ಬಿರುಗಾಳಿ ಹಡಗುಗಳನ್ನು ನುಂಗಿದ್ದರಿಂದಲೇ 1910ರಲ್ಲಿ ಸ್ಪ್ಲಿಟ್ ರಾಕ್ ದೀಪ ಉರಿಯತೊಡಗಿತು. 1975ರ ನವೆಂಬರ್ 10ರಂದು ಕಬ್ಬಿಣದ ಅದಿರು ಹೊತ್ತ ಎಡ್ಮಂಡ್ ಫಿಟ್ಜೆರಾಲ್ಡ್ ಹಡಗು ಇದೇ ನೀರಿನಲ್ಲಿ ಮುಳುಗಿ 29 ಮಂದಿಯೂ ಸತ್ತರು. ಪ್ರತಿವರ್ಷ ಆ ದಿನ ಸ್ಪ್ಲಿಟ್ ರಾಕ್‌ನಲ್ಲಿ ಅವರಿಗಾಗಿ ದೀಪ ಹಚ್ಚುತ್ತಾರೆ.

ನಾಲ್ಕು, ಶಿಲಾವಾದ. ಪ್ರತಿಪಾದಕ ಮಗ. ಸುಮಾರು 110 ಕೋಟಿ ವರ್ಷ ಹಿಂದಿನ ಲಾವಾದ ಗಾಳಿಗುಳ್ಳೆಗಳಲ್ಲಿ ಹುಟ್ಟಿದ, ಕಬ್ಬಿಣದಿಂದ ಕೆಂಪಾದ ಪಟ್ಟೆಗಲ್ಲು, ಅಂದರೆ ಅಗೇಟ್, ರಾಜ್ಯದ ಅಧಿಕೃತ ರತ್ನ. ಮಗ ಹೆಕ್ಕಿದ ಕಲ್ಲುಗಳಲ್ಲಿ ಅಗೇಟ್ ಒಂದೂ ಇರಲಿಲ್ಲ ಎಂಬುದು ವಿಮರ್ಶಕರ ಮತ. ರಾಜ್ಯ ಉದ್ಯಾನಗಳಿಂದ ಕಲ್ಲು ಒಯ್ಯುವಂತಿಲ್ಲ ಎಂಬುದು ಕಾನೂನಿನ ಮತ. ಎರಡೂ ಸೇರಿ ಜೇಬು ಖಾಲಿ ಮಾಡಿಸಿದವು.

ಮಗಳನ್ನು ಯಾವ ಪಂಥಕ್ಕೂ ಸೇರಿಸಲಾಗದು. ಸಿಗ್ನಲ್ ಇದ್ದಲ್ಲಿ ಆಸ್ತಿಕಳು, ಇಲ್ಲದಲ್ಲಿ ನಾಸ್ತಿಕಳು.

ಅನ್ನಪ್ರಕರಣ

ಅಮ್ಮನಿಗೆ ಪಂಥ ಕಟ್ಟಲು ಪುರುಸೊತ್ತಿಲ್ಲದ ಕಾರಣ ಅವರದು ಪ್ರತ್ಯೇಕ ಪ್ರಕರಣ. ಗ್ರ್ಯಾಂಡ್ ಮರೇಯಲ್ಲಿ ಹೊಗೆಯಾಡಿಸಿದ ಮೀನು ಪ್ರಸಿದ್ಧ, ಮಾದರಿ ಕುಟುಂಬ ಶಾಕಾಹಾರಿ. ಆದ್ದರಿಂದ ಪುಳಿಯೋಗರೆ ಗೊಜ್ಜು, ಚಪಾತಿ, ಮಂಡಕ್ಕಿ, ಮೊಸರು ಸಮೇತ ಅಡುಗೆಮನೆಯೇ ಕಾರಿನಲ್ಲಿ ಪ್ರಯಾಣ ಮಾಡಿತ್ತು. ಶೇಂಗಾ ಚಟ್ನಿಪುಡಿಯ ಡಬ್ಬಿ ಮನೆಯಲ್ಲೇ ಉಳಿದ ವೃತ್ತಾಂತಕ್ಕೆ ಎರಡು ಪಾಠಾಂತರಗಳಿವೆ: ಅತ್ತೆಯ ಪಾಠ, ಸೊಸೆಯ ಪಾಠ. ಎರಡನ್ನೂ ತುಲನೆ ಮಾಡಿ ಶುದ್ಧಪಾಠ ಸಿದ್ಧಪಡಿಸುವ ಧೈರ್ಯ ಯಾವ ಸಂಪಾದಕನಿಗೂ ಬಾರದಿರಲಿ.

ಬಾಡಿಗೆ ಕ್ಯಾಬಿನ್‌ನಲ್ಲಿ ಸಾಸಿವೆ ಸಿಡಿದು ಒಣಮೆಣಸಿನಕಾಯಿ ಘಾಟೇರಿದಾಗ ಚಾವಣಿಯ ಹೊಗೆ ಎಚ್ಚರಿಕೆ ಯಂತ್ರ ಕೂಗಿಕೊಂಡಿತು. ಅಪ್ಪ ಟವಲ್ ಬೀಸಿದರು, ಅಜ್ಜ ಕಿಟಕಿ ತೆರೆದರು, ಅಜ್ಜಿ ದೇವರನ್ನು ನೆನೆದರು. ಒಗ್ಗರಣೆ ಮಾತ್ರ ಸೀಯಲಿಲ್ಲ.

ಪೂರ್ವಪಕ್ಷ

ವಿಶ್ರಾಂತಿಗಾಗಿ ಹೋಗುತ್ತಾರೆ ಎಂಬುದು ಒಂದು ವಾದ. ಮೇಲಿನ ಪ್ರಕರಣವೇ ಅದಕ್ಕೆ ಉತ್ತರ: ಅಮ್ಮ ಒಲೆ ಬದಲಿಸಿದರೇ ಹೊರತು ಕೆಲಸವನ್ನಲ್ಲ. ಸರೋವರ ನೋಡಲು ಹೋಗುತ್ತಾರೆ ಎಂಬುದು ಇನ್ನೊಂದು ವಾದ. ಇದೂ ನಿಲ್ಲದು. ಸರೋವರದ ಉದ್ದ 560 ಕಿಲೋಮೀಟರ್, ಗರಿಷ್ಠ ಆಳ 406 ಮೀಟರ್. ಒಳಬಂದ ನೀರು ಹೊರಹೋಗಲು ಸರಾಸರಿ 191 ವರ್ಷ ಬೇಕು. ಅಂಥದ್ದನ್ನು ವಾರಾಂತ್ಯದಲ್ಲಿ ನೋಡಿಬಂದೆವು ಎನ್ನುವುದು ಯೋಜನಾವಾದಿಗಳ ಭ್ರಮೆ.

ಸಿದ್ಧಾಂತ

ನವೆಂಬರಿನಲ್ಲಿ ಹಿಮ ಬಿದ್ದ ಮೇಲೆ ಅಜ್ಜ ಅಜ್ಜಿ ದಾವಣಗೆರೆಗೆ ಮರಳುವ ತನಕ ಆರೂ ಮಂದಿ ಒಂದೇ ಸೂರಿನಡಿ ಬಾಗಿಲು ಹಾಕಿಕೊಂಡು ಇರಬೇಕು. ಅದಕ್ಕೆ ಮೊದಲು ಕೂಡಿಟ್ಟ ಮಾತುಗಳನ್ನೆಲ್ಲ ಆಡಿ ಮುಗಿಸಲು ಸಾಕಷ್ಟು ದೊಡ್ಡ ಬಯಲು ಬೇಕು. ಸರೋವರದ ವಿಸ್ತೀರ್ಣ 82,100 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಸಿಹಿನೀರಿನ ಸರೋವರಗಳಲ್ಲಿ ವಿಸ್ತೀರ್ಣಕ್ಕೆ ಇದೇ ಮೊದಲು. ನೆರೆಯ ಮಿಶಿಗನ್, ಹ್ಯೂರನ್ ಸರೋವರಗಳೆರಡನ್ನೂ ಒಂದೇ ಎಂದೆಣಿಸುವವರ ತಕರಾರು ಬೇರೆ. ಮೇಲಾಗಿ ಬಂಡೆಗೆ ಬಡಿಯುವ ಅಲೆಯ ಸದ್ದಿನಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ. ಆ ಅರ್ಧವೇ ಮನೆಯಲ್ಲಿ ರಂಪಕ್ಕೆ ಕಾರಣವಾಗುತ್ತಿತ್ತು. ಆದ್ದರಿಂದ ಸಂಸಾರದ ಜಗಳಕ್ಕೆ ತಕ್ಕಷ್ಟು ಜಾಗ ಒದಗಿಸುವುದೇ ಈ ಪ್ರವಾಸದ ಪ್ರಯೋಜನ, ಎಲೆಯ ಬಣ್ಣ ನಿಮಿತ್ತ ಮಾತ್ರ ಎಂದು ಸಿದ್ಧವಾಯಿತು.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿದವರು ಕ್ಯಾಬಿನ್ನನ್ನು ಬೇಸಿಗೆಯಲ್ಲೇ ಕಾಯ್ದಿರಿಸುವರು. ಹೊಗೆ ಯಂತ್ರದ ಕೆಳಗೆ ಒಗ್ಗರಣೆ ಹಾಕರು. ಉದ್ಯಾನದ ಕಲ್ಲನ್ನು ಉದ್ಯಾನದಲ್ಲೇ ಬಿಡುವರು. ಕೆಂಪು ಮೇಪಲ್ ನೋಡಲೇಬೇಕೆಂಬವರು ಸೆಪ್ಟೆಂಬರ್ ಕೊನೆಗೆ ಮಕ್ಕಳನ್ನು ಶಾಲೆ ತಪ್ಪಿಸಿ ಕರೆದೊಯ್ಯಲಿ. ರಜಾ ಅರ್ಜಿಯಲ್ಲಿ ಕಾರಣ ಏನೆಂದು ಬರೆಯಬೇಕೋ ಅದನ್ನು ಅವರೇ ಯೋಚಿಸಿಕೊಳ್ಳಲಿ.