ತಾರಾಪ್ರಮಾಣ ಮೀಮಾಂಸೆ

ಜ್ಞಾನಕ್ಕೆ ಸಾಧನಗಳು ಆರು ಎಂದು ಕುಮಾರಿಲ ಭಟ್ಟರ ಪಂಥದವರು ಎಣಿಸಿಟ್ಟಿದ್ದಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ. ಏಳನೆಯದು ಅವರ ಗಮನಕ್ಕೆ ಬರಲಿಲ್ಲ. ಆಗ ಮೊಬೈಲ್ ಇರಲಿಲ್ಲವಾಗಿ ಇದನ್ನು ದೋಷವೆಂದು ಗಣಿಸತಕ್ಕದ್ದಲ್ಲ. ಆ ಏಳನೆಯದೇ ತಾರಾಪ್ರಮಾಣ. ಅಪರಿಚಿತನು ಒತ್ತಿದ ಸ್ಟಾರಿನಿಂದ ಹುಟ್ಟುವ ಅಚಲ ನಂಬಿಕೆಯೇ ಅದರ ಲಕ್ಷಣ. ಮಗಳಿಗೆ ಗಂಡು ನೋಡುವಾಗ ಮೂರು ತಲೆಮಾರು ಕೆದಕುವ ಗೃಹಸ್ಥರು, ಅದೇ ಮದುವೆಯ ಛತ್ರವನ್ನೂ ಅಡುಗೆಯವರನ್ನೂ ಬೀಗರ ಮಂಡಿನೋವಿಗೆ ಡಾಕ್ಟರನ್ನೂ ‘ಕೂಲ್ ಬಾಯ್’ ಎಂಬ ಮಹನೀಯರ ಮಾತಿನ ಮೇಲೆ ಗೊತ್ತುಮಾಡುತ್ತಾರೆ. ಶಬ್ದಪ್ರಮಾಣದಲ್ಲಿ ಹೇಳುವವನು ಆಪ್ತನಾಗಿರಬೇಕೆಂಬ ಷರತ್ತಿತ್ತು. ಇಲ್ಲಿ ಆ ಕಟ್ಟುಪಾಡಿಲ್ಲ.

ತಾರಾವಾಕ್ಯಗಳ ಪ್ರಭೇದಗಳು ಅಸಂಖ್ಯ. ‘ಪ್ರಾಡಕ್ಟ್ ಸೂಪರ್, ಇನ್ನೂ ಓಪನ್ ಮಾಡಿಲ್ಲ’ ಎಂಬುದು ಪೂರ್ವಾನುಭವ. ಕೊರಿಯರ್ ಹುಡುಗ ತಡವಾಗಿ ಬಂದನೆಂದು ಅವನು ತಂದ ಮಹಾಕಾವ್ಯಕ್ಕೆ ಒಂದೇ ಸ್ಟಾರ್ ಕೊಡುವುದು ಅನ್ಯಾಪರಾಧ ನ್ಯಾಯ. ಹೋಟೆಲ್ ಮಾಲೀಕರ ಭಾವಮೈದುನ ಒಂದೇ ರಾತ್ರಿ ಹನ್ನೊಂದು ಹೆಸರುಗಳಲ್ಲಿ ಉಂಡು ತೇಗುವುದು ಬಹುರೂಪ. ವಿಸ್ತಾರ ಬೇಡ, ಓದುಗರ ಮನೆಯಲ್ಲೂ ಒಬ್ಬ ಭಾವಮೈದುನ ಇದ್ದಾನು.

ಇಂಟರ್ನೆಟ್ ಬಂದ ಮೇಲೆ ಲೋಕ ಕೆಟ್ಟಿತು, ಹಿಂದೆ ಹೀಗಿರಲಿಲ್ಲ ಎಂಬುದು ಪೂರ್ವಪಕ್ಷ. ಹೀಗೆನ್ನುವವರು ಐಹೊಳೆಯ ಮೇಗುಟಿಗೆ ಹತ್ತಿ ಬರಬೇಕು. ಅಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿ ತಾನೇ ಬಸದಿ ಕಟ್ಟಿಸಿ, ತಾನೇ ಪ್ರಶಸ್ತಿ ರಚಿಸಿ, ದೊರೆ ಇಮ್ಮಡಿ ಪುಲಕೇಶಿಯನ್ನು ಮನಸಾರೆ ಹೊಗಳಿ, ಕೊನೆಗೆ ಕೀರ್ತಿಯಲ್ಲಿ ತಾನು ಕಾಳಿದಾಸ, ಭಾರವಿಗಳಿಗೆ ಸಮ ಎಂದೂ ಕೆತ್ತಿಸಿದ್ದಾನೆ. ಸ್ವಂತ ಅಂಗಡಿಗೆ ಸ್ವಂತ ಕೈಯಿಂದ ಐದು ಸ್ಟಾರ್, ಅದೂ ಡಿಲೀಟ್ ಮಾಡಲಾಗದಂತೆ ಕಲ್ಲಿನಲ್ಲಿ. ಕೆಲವೇ ವರ್ಷಗಳಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದು ಅಲ್ಲಿನ ಬಂಡೆಯ ಮೇಲೆಯೇ ತನ್ನ ಶಾಸನ ಬರೆಸಿದ. ಎದುರಂಗಡಿಯವರು ಬಂದು ಒಂದು ಸ್ಟಾರ್ ಒತ್ತಿಹೋಗುವ ಪದ್ಧತಿಗೆ ನಮ್ಮ ನಾಡಿನಲ್ಲಿ ಇಷ್ಟು ಗಟ್ಟಿಯಾದ ಪೂರ್ವನಿದರ್ಶನವಿದೆ.

ಹಾಗೆಂದು ಇತಿಹಾಸಕಾರರು ರವಿಕೀರ್ತಿಯನ್ನು ಬ್ಲಾಕ್ ಮಾಡಲಿಲ್ಲ. ಪುಲಕೇಶಿ ಹರ್ಷನನ್ನು ತಡೆದು ನಿಲ್ಲಿಸಿದನೆಂಬ ಮಾತನ್ನು, ಹರ್ಷನ ಆತಿಥ್ಯವನ್ನೇ ಉಂಡಿದ್ದ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್‌ನ ಬರಹದೊಂದಿಗೆ ತಾಳೆ ನೋಡಿ ಒಪ್ಪಿಕೊಂಡರು. ಬಡಾಯಿಯ ಆ ಕೊನೆಯ ಮಾತಿನಿಂದ, ಕಾಳಿದಾಸ 634ಕ್ಕಿಂತ ಹಿಂದಿನವನೆಂಬ ಸಂಗತಿಯನ್ನು ಹೆಕ್ಕಿಕೊಂಡರು. ರವಿಕೀರ್ತಿ ಹೇಳಹೊರಟದ್ದು ಅದಲ್ಲ, ತನ್ನನ್ನು ಹೊಗಳಿಕೊಳ್ಳುವ ಭರದಲ್ಲಿ ಬಾಯಿಂದ ಜಾರಿದ್ದು. ತಾರಾಶಾಸ್ತ್ರದ ಮೊದಲ ಸೂತ್ರ ಇಲ್ಲಿ ಸಿದ್ಧಿಸುತ್ತದೆ: ಹೇಳಿದ್ದನ್ನು ಬಿಡು, ಜಾರಿದ್ದನ್ನು ಹಿಡಿ.

ಈ ಸೂತ್ರಕ್ಕೆ, ತಮಗೆ ಅರಿವಿಲ್ಲದೆಯೇ, ಭಾಷ್ಯ ಬರೆದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು. 2011ರಲ್ಲಿ ಅವರು ಶಿಕಾಗೋದ 20 ಹೋಟೆಲುಗಳ ಬಗ್ಗೆ 400 ನಿಜವಾದ ಹೊಗಳಿಕೆಗಳನ್ನು ಆಯ್ದು, ತಲಾ ಒಂದು ಡಾಲರ್ ತೆತ್ತು ಇನ್ನೂ 400 ಸುಳ್ಳು ಹೊಗಳಿಕೆಗಳನ್ನು ಬರೆಸಿದರು. ಬೇರ್ಪಡಿಸಲು ಕೂತ ಮನುಷ್ಯರ ಸಾಧನೆ ನಾಣ್ಯ ಚಿಮ್ಮಿದ್ದಕ್ಕಿಂತ ಹೆಚ್ಚೇನಿರಲಿಲ್ಲ. ಕಂಪ್ಯೂಟರ್ ಮಾತ್ರ ಸುಮಾರು ಶೇ. 90ರಷ್ಟನ್ನು ಸರಿಯಾಗಿ ಗುರುತಿಸಿತು. ನಿಜಕ್ಕೂ ತಂಗಿದವರು ಬಚ್ಚಲು, ಮಹಡಿ, ಕೋಣೆ ಇಕ್ಕಟ್ಟು ಎಂದೆಲ್ಲ ಬರೆದಿದ್ದರು. ಕಾಸಿಗಾಗಿ ಬರೆದವರಲ್ಲಿ ‘ನಾನು’, ‘ನನ್ನ ಗಂಡ’, ‘ನಮ್ಮ ರಜೆ’ ಹೆಚ್ಚು. ಸಹಜವೇ. ಕಾಣದ ಹೋಟೆಲಿನ ಬಚ್ಚಲು ಕಲ್ಪನೆಗೆ ಸಿಗುವುದಿಲ್ಲ. ಗಂಡನಾದರೆ ಎಲ್ಲಿ ಕೂತು ಬರೆದರೂ ಬಂದುಬಿಡುತ್ತಾನೆ.

ಆದಕಾರಣ ‘ಇಲ್ಲಿನ ಬೆಣ್ಣೆದೋಸೆ ತಿಂದು ನನ್ನ ಮತ್ತು ನನ್ನ ಕುಟುಂಬದವರ ಬದುಕೇ ಬದಲಾಯಿತು’ ಎಂಬುದು ಮೀಮಾಂಸಕರು ಅರ್ಥವಾದ ಎನ್ನುವ ವರ್ಗಕ್ಕೆ ಸೇರಿದ್ದು. ಇದ್ದದ್ದನ್ನು ತಿಳಿಸುವುದು ಅದರ ಕೆಲಸವಲ್ಲ, ನಮ್ಮನ್ನು ದೋಸೆಯತ್ತ ಹುರಿದುಂಬಿಸುವುದಷ್ಟೇ. ‘ಎರಡನೇ ಸಲ ಚಟ್ನಿ ಕೇಳಿದರೆ ಮುಖ ಸಿಂಡರಿಸುತ್ತಾರೆ, ಕೈ ತೊಳೆಯುವ ಕಡೆ ನೀರು ನಿಂತಿದೆ’ ಎಂಬುದು ಆಪ್ತವಾಕ್ಯ. ಪ್ರಕೃತ ಪ್ರಬಂಧಕಾರ ಎರಡನೆಯದನ್ನು ಓದಿದೊಡನೆ ಚಪ್ಪಲಿ ಮೆಟ್ಟುತ್ತಾನೆ. ಹೋಟೆಲು ಇದೆ ಎಂಬುದಾದರೂ ಖಾತ್ರಿಯಾಯಿತಲ್ಲ! ಈಚೆಗೆ ಯಂತ್ರಗಳೇ ರಿವ್ಯೂ ಬರೆಯತೊಡಗಿ, ಕೇಳಿದರೆ ನಿಂತ ನೀರನ್ನೂ ಸೇರಿಸಿಕೊಡುತ್ತಿರುವುದರಿಂದ ಸೂತ್ರಕ್ಕೆ ಕುತ್ತು ಬಂದಿದೆ ಎಂಬುದನ್ನು ಮುಚ್ಚಿಡಲಾಗದು.

ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಸ್ಮೃತಿಯನ್ನು ಹೊರಡಿಸಿ, ಬರೆದವನು ಯಾರೆಂದು ಪರಿಶೀಲಿಸಬೇಕು, ದುಡ್ಡು ಕೊಟ್ಟು ಬರೆಸಿದ್ದನ್ನು ಪ್ರಕಟಿಸಬಾರದು ಎಂದು ವಿಧಿಸಿತು. ಹೊರಡಿಸುವಾಗ, ಪಾಲಿಸುವುದು ಬಿಡುವುದು ಅವರವರ ಇಷ್ಟ ಎಂದೂ ಸೇರಿಸಿತು. ಬೀಗದ ಬಗ್ಗೆ ಕಳ್ಳರ ಒಪ್ಪಿಗೆ ಕೇಳುವ ಈ ಸೌಜನ್ಯ ಮನುವಿಗೂ ಹೊಳೆದಿರಲಿಲ್ಲ.

ಉಳಿದದ್ದು ಬಲಾಬಲ ವಿಚಾರ. ಪ್ರತ್ಯಕ್ಷಕ್ಕೂ ತಾರೆಗೂ ಜಗಳ ಹತ್ತಿದರೆ ಯಾವುದು ಗೆದ್ದೀತು? ಲಂಡನ್ನಿನ ಊಬಾ ಬಟ್ಲರ್ ಒಂದು ಕಾಲಕ್ಕೆ ರಿವ್ಯೂಗೆ ಹತ್ತು ಪೌಂಡಿನಂತೆ, ಕಾಲಿಡದ ಹೋಟೆಲುಗಳನ್ನು ಹೊಗಳಿ ಬರೆದವನು. 2017ರಲ್ಲಿ ಅವನು ಡಲ್ಲಿಚ್‌ನಲ್ಲಿ ತಾನು ವಾಸವಿದ್ದ ಹಿತ್ತಲ ಶೆಡ್ಡನ್ನೇ ಟ್ರಿಪ್‌ಅಡ್ವೈಸರ್‌ನಲ್ಲಿ ರೆಸ್ಟೋರೆಂಟ್ ಎಂದು ನೋಂದಾಯಿಸಿದ. ಫೋಟೋದಲ್ಲಿದ್ದ ಭಕ್ಷ್ಯಗಳು ಶೇವಿಂಗ್ ಫೋಮಿನವು. ರಿವ್ಯೂ ಬರೆದವರು ಸ್ನೇಹಿತರು. ಫೋನ್ ಮಾಡಿದವರಿಗೆಲ್ಲ ಟೇಬಲ್ ಖಾಲಿ ಇಲ್ಲವೆಂಬ ಉತ್ತರ. 18,149ನೇ ಸ್ಥಾನದಿಂದ ಹೊರಟ ಶೆಡ್ಡು ನವೆಂಬರ್ 1ಕ್ಕೆ ಲಂಡನ್ನಿಗೇ ಮೊದಲನೆಯದಾಯಿತು, ಅಲ್ಲಿಯತನಕ ಯಾರೊಬ್ಬರಿಗೂ ಒಂದು ತುತ್ತು ಬಡಿಸದೆ.

ಆಮೇಲೆ ಅವನು ಒಂದು ರಾತ್ರಿಯ ಮಟ್ಟಿಗೆ ಬಾಗಿಲು ತೆರೆದ. ಅತಿಥಿಗಳ ಕಣ್ಣಿಗೆ ಬಟ್ಟೆ ಕಟ್ಟಿ ಕರೆತಂದು, ಸೂಪರ್‌ಮಾರ್ಕೆಟ್ಟಿನ ಅಗ್ಗದ ರೆಡಿಮೇಡ್ ಊಟವನ್ನು ಬಿಸಿ ಮಾಡಿ ಬಡಿಸಿದ. ನಾಲಿಗೆ ಅವರದೇ, ಊಟವೂ ಎದುರಿಗೇ. ಎದ್ದು ಹೊರಟವರಲ್ಲಿ ಕೆಲವರು, ಒಮ್ಮೆ ಬಂದುಹೋದವರಿಗೆ ಇನ್ನೊಮ್ಮೆ ಟೇಬಲ್ ಸಿಗುವುದು ಸುಲಭವಾದೀತೇ ಎಂದು ವಿಚಾರಿಸಿದರು.