ಭಾವನ ಸ್ಟೇರಿಂಗ್ ಸೇವೆ

ಮಾಯಸಂದ್ರದ ನಮ್ಮ ಭಾವನಿಗೆ ಬಿಚ್ಚುವ ಚಟ. ತೋಟದ ಮೋಟರಿನ ಸ್ಟಾರ್ಟರ್ ಒಮ್ಮೆ ಬಿಚ್ಚಿ ಸರಿ ಮಾಡಿದ್ದೇ ತಡ, ನಟ್ಟು-ಬೋಲ್ಟು ಇರುವುದೆಲ್ಲ ತಮ್ಮ ಕೈಗೇ ಕಾದು ಕೂತಿದೆ ಅಂದುಕೊಂಡರು. ಅಟ್ಟದ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಅದರಲ್ಲಿ ತಪ್ಪಿದ್ದು ನಾನಂತೂ ಕಂಡಿಲ್ಲ.

ಒಂದು ದಿನ ಗುಂಡಿಗೆ ಬಿದ್ದೆದ್ದ ಕಾರು ನೆಟ್ಟಗೆ ಹೋದರೂ ಸ್ಟೇರಿಂಗ್ ಮಾತ್ರ ಎಡಕ್ಕೆ ವಾಲತೊಡಗಿತು. ವೀಲ್ ಅಲೈನ್‌ಮೆಂಟ್ ಮಾಡಿಸಿದ್ದರೆ ಮುಗಿಯುತ್ತಿತ್ತು. "ಅದಕ್ಯಾಕಯ್ಯ ದುಡ್ಡು? ಸ್ಟೇರಿಂಗ್ ಕಿತ್ತು ಎರಡು ಹಲ್ಲು ಆಚೆ ಹಾಕಿದ್ರಾಯ್ತು!" ಅಂದರು.

ಹಳೇ ಕಾರಲ್ಲಿ ಹಾಗೆ ಮಾಡಿದ್ದರಂತೆ. ಅದರಲ್ಲಿ ಏರ್‌ಬ್ಯಾಗೇ ಇರಲಿಲ್ಲವಲ್ಲ! 2019ರ ಜುಲೈ 1ರಿಂದ ತಯಾರಾಗುವ ಕಾರಿಗೆಲ್ಲ ಡ್ರೈವರಿನ ಏರ್‌ಬ್ಯಾಗ್ ಕಡ್ಡಾಯ, ಈ ಕಾರು ಆಮೇಲಿನದು. ಬ್ಯಾಟರಿಯ ನೆಗೆಟಿವ್ ವೈರು ತೆಗೆದು ಸ್ವಲ್ಪ ಹೊತ್ತು ಕಾಯಬೇಕು ಅಂತ ಫೋನಿನ ವಿಡಿಯೋದಲ್ಲೇ ಇತ್ತು. ಭಾವ ಆ ಭಾಗ ಓಡಿಸಿ ನೋಡಿದ್ದರು. ಚೀಲ ಮುಖಕ್ಕೆ ಸಿಡಿಯದೆ ಉಳಿದದ್ದು ಅಕ್ಕನ ಪುಣ್ಯ.

ಸ್ಟೇರಿಂಗಿನ ಹಿಂದೆ ಬಿಲ್ಲೆಯಂಥ ಒಂದು ಪ್ಲಾಸ್ಟಿಕ್ ಡಬ್ಬಿ. ಗ್ಯಾರೇಜಿನವರು ಕ್ಲಾಕ್ ಸ್ಪ್ರಿಂಗ್ ಅನ್ನುತ್ತಾರೆ. ಒಳಗೆ ಅಳತೆ ಟೇಪಿನ ಹಾಗೆ ಸುತ್ತಿಕೊಂಡ ತೆಳು ಪಟ್ಟಿ. ಏರ್‌ಬ್ಯಾಗಿಗೂ ಹಾರನ್ನಿಗೂ ಕರೆಂಟು ಹೋಗುವುದು ಅದರಲ್ಲೇ. ಎಡಕ್ಕಿಷ್ಟು ಬಲಕ್ಕಿಷ್ಟು ಅಂತ ಲೆಕ್ಕ ಹಾಕಿದ ಉದ್ದ; ಜೋಡಿಸುವಾಗ ಸರಿಯಾಗಿ ನಡುವೆ ನಿಲ್ಲಿಸಬೇಕು. ಭಾವ ಸುಮ್ಮನೆ ಕೈಯಾಡಿಸುತ್ತ ಅದನ್ನು ಎರಡು ಸುತ್ತು ತಿರುಗಿಸಿ ಹಾಕಿಬಿಟ್ಟರು. ತೋಟದ ಗೇಟಿನಲ್ಲಿ ರಿವರ್ಸ್ ತೆಗೆಯುತ್ತ ಪೂರ್ತಿ ಬಲಕ್ಕೆ ಎಳೆದರು ನೋಡಿ, ಹಗ್ಗ ಸಾಲದ ಬಾವಿಗೆ ಕೊಡ ಬಿಟ್ಟಂತಾಯಿತು. ಪಟ್!

ಏರ್‌ಬ್ಯಾಗಿನ ಕೆಂಪು ದೀಪ ಹತ್ತಿಕೊಂಡಿತು. ಭಾವ ಅದರ ಮೇಲೆ ಕಪ್ಪು ಟೇಪು ಅಂಟಿಸಿದರು! ಹಾರನ್ನಿಗೆ ಅಂಟಿಸಲು ಏನೂ ಸಿಗಲಿಲ್ಲ. ತಿಪಟೂರಿನ ಗ್ಯಾರೇಜು ಮುಟ್ಟುವವರೆಗೆ ಕಿಟಕಿಯಿಂದ ತಲೆ ಹಾಕಿ, ಕುರಿ ಕಂಡರೂ ಬೈಕು ಕಂಡರೂ "ಹೋಯ್, ಹೋಯ್" ಅಂತ ಕೂಗುತ್ತಲೇ ಬಂದರು.

ಅಲ್ಲಿನ ಹುಡುಗ ಮೊದಲು ಟೇಪು ಕಿತ್ತ. "ಅಣ್ಣಾ, ದೀಪಕ್ಕೆ ದೃಷ್ಟಿ ಆಗಿತ್ತಾ?" ಹರಿದ ಪಟ್ಟಿಗೆ ಬೆಸುಗೆ ಹಾಕಲ್ಲ, ಡಬ್ಬಿಯೇ ಹೊಸದಾಗಬೇಕು ಅಂದ. ಚಕ್ರ ನೆಟ್ಟಗೆ ನಿಲ್ಲಿಸಿ ಹೊಸದನ್ನು ಕೂರಿಸಿ, ಸ್ಕ್ಯಾನರ್ ಹಾಕಿ ದೀಪ ಆರಿಸಿದ. ಕೊನೆಗೆ ಅಲೈನ್‌ಮೆಂಟೂ ಆಯಿತು. ಬಿಲ್ ನೋಡಿ ಭಾವ ಅದನ್ನು ಕೊಬ್ಬರಿ ರೇಟಿಗೆ ಭಾಗಿಸಿದರು. ಆಮೇಲೆ ಊರು ಬರುವವರೆಗೂ ಮಾತಿಲ್ಲ.

ಹಳೇ ಡಬ್ಬಿಯನ್ನು ಮಾತ್ರ ಗ್ಯಾರೇಜಿನಲ್ಲಿ ಬಿಡಲಿಲ್ಲ. ಸಂಜೆ ಹೋಗಿ ನೋಡುತ್ತೇನೆ, ಜಗಲಿ ಮೇಲೆ ಕೂತು ಅದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಾರೆ.